ಓಟ ಗೆದ್ದ ಹುಡುಗರು ಕಾಗದಕ್ಕೆ ಸೋಲುವುದು ಬೇಡ

ಮಾನ್ಯ ಸಂಪಾದಕರೇ,

ಬೆಂಗಳೂರಿನ ಹಲವು ಮೈದಾನಗಳಲ್ಲಿ ನಸುಕಿನ ಐದಕ್ಕೇ ಹುಡುಗರು ಓಡುತ್ತಿರುತ್ತಾರೆ. ಕೆಲವರು ಹಗಲಿಡೀ ಡೆಲಿವರಿ ಕೆಲಸ ಮಾಡುವವರು, ಕೆಲವರು ಪಿಯುಸಿ ಮುಗಿಸಿ ಊರಿನಿಂದ ಬಂದವರು. ಎಲ್ಲರ ಆಸೆ ಒಂದೇ, ನಾಲ್ಕು ವರ್ಷದ ಸೇವೆಯ ಅಗ್ನಿವೀರನಾಗಿ ಸೇನೆ ಸೇರಬೇಕು. ಓಟಕ್ಕೂ, ಸರಳು ಹಿಡಿದು ಮೈ ಮೇಲೆಳೆಯುವ ಬೀಮ್‌ಗೂ ಇವರು ಸುರಿಸುವ ಬೆವರಿಗೆ ಲೆಕ್ಕವಿಲ್ಲ. ಆದರೆ ಮೈದಾನದಲ್ಲಿ ನಡೆಯುವ ನೇಮಕಾತಿ ರ‍್ಯಾಲಿಯಿಂದ ಬರಿಗೈಯಲ್ಲಿ ಮರಳಿದವರನ್ನು ಮಾತನಾಡಿಸಿ ನೋಡಿ. ಓಟ ಗೆದ್ದು, ಬೀಮ್ ಮುಗಿಸಿ, ಕಾಗದಪತ್ರದ ಮೇಜಿನ ಮುಂದೆ ನಿಂತಾಗ ಹೆಸರಿನ ಒಂದಕ್ಷರಕ್ಕೆ, ಒಂದು ಮೊಹರಿಗೆ, ಅವಧಿ ಮುಗಿದ ಒಂದು ಪತ್ರಕ್ಕೆ ಅವಕಾಶ ಕಳೆದುಕೊಂಡವರು ಅವರಲ್ಲಿ ಇದ್ದೇ ಇರುತ್ತಾರೆ. ಇದು ತಪ್ಪಿಸಬಹುದಾದ ನಷ್ಟ. ಅದನ್ನು ಹೇಗೆ ತಪ್ಪಿಸಬಹುದು ಎಂದು ಹೇಳಲೆಂದೇ ಈ ಪತ್ರ.

ಕಡ್ಡಾಯ ಸೈನಿಕ ಸೇವೆ ಇರುವ ದೇಶಗಳಲ್ಲಿ ಸರ್ಕಾರವೇ ವಯಸ್ಸು ನೋಡಿ ಕರೆ ಕಳಿಸುತ್ತದೆ. ನಮ್ಮಲ್ಲಿ ಯಾರನ್ನೂ ಒತ್ತಾಯದಿಂದ ಸೇನೆಗೆ ಸೇರಿಸುವುದಿಲ್ಲ, ಮನಸ್ಸಿದ್ದವನು ತಾನಾಗಿಯೇ ಹೋಗಬೇಕು. ಹಾಗಾಗಿ ನಾನು ಅರ್ಹ ಎಂದು ತೋರಿಸಿಕೊಡುವ ಹೊಣೆಯೂ ಪೂರ್ತಿ ಅವನದೇ. ರ‍್ಯಾಲಿಯಲ್ಲಿ ಮೇಜಿನ ಆಚೆ ಕುಳಿತವರು ಒಂದೇ ದಿನ ನೂರಾರು ಜನರ ಕಾಗದ ನೋಡಬೇಕು. ಅಲ್ಲಿ ವಿವರಣೆ ಕೊಡುತ್ತಾ ನಿಲ್ಲಲು ಸಮಯವೂ ಇಲ್ಲ, ಅವಕಾಶವೂ ಇಲ್ಲ.

ಮೊದಲು ಅಂಕಪಟ್ಟಿ ತೆಗೆದು ನೋಡಿ. ಜನರಲ್ ಡ್ಯೂಟಿಗೆ, ಅಂದರೆ ಸಾಮಾನ್ಯ ಸೈನಿಕನ ಹುದ್ದೆಗೆ, ಎಸ್ಸೆಸ್ಸೆಲ್ಸಿಯಲ್ಲಿ ಒಟ್ಟು ಶೇ 45, ಪ್ರತಿ ವಿಷಯದಲ್ಲೂ ಶೇ 33 ಬೇಕು. ನಮ್ಮ ರಾಜ್ಯದ 625 ಅಂಕಗಳ ಲೆಕ್ಕದಲ್ಲಿ ಅದು 282. ಬರೀ ಪಾಸಾಗಿದ್ದರೆ ಸಾಲದು, 281 ಇದ್ದರೂ ಸಾಲದು. ಆಮೇಲೆ ಪಿಯುಸಿಯಲ್ಲಿ, ಪದವಿಯಲ್ಲಿ ಎಷ್ಟು ಅಂಕ ಬಂದರೂ ಈ ಕೊರತೆ ತುಂಬುವುದಿಲ್ಲ. ಕ್ಲರ್ಕ್ ಮತ್ತು ಸ್ಟೋರ್‌ಕೀಪರ್ ಹುದ್ದೆಗೆ ಪಿಯುಸಿಯಲ್ಲಿ ಒಟ್ಟು ಶೇ 60 ಮತ್ತು ಪ್ರತಿ ವಿಷಯದಲ್ಲೂ ಶೇ 50 ಇರಬೇಕು, ಇಂಗ್ಲಿಷ್‌ನಲ್ಲೂ ಗಣಿತ ಅಥವಾ ಅಕೌಂಟೆನ್ಸಿಯಲ್ಲೂ ಶೇ 50 ಕಡ್ಡಾಯ. ಕಾಮರ್ಸ್ ಹುಡುಗರು ಎಡವುವುದು ಇಲ್ಲಿಯೇ. ಒಟ್ಟು ಶೇ 75 ಇದೆ ಎಂದು ಧೈರ್ಯವಾಗಿರುತ್ತಾರೆ, ಒಂದು ಭಾಷೆಯಲ್ಲಿ 48 ಬಂದಿರುವುದು ಕಣ್ಣಿಗೆ ಬಿದ್ದಿರುವುದೇ ಇಲ್ಲ. ಟ್ರೇಡ್ಸ್‌ಮನ್ ಹುದ್ದೆಗಳಿಗೆ, ಅಂದರೆ ಅಡುಗೆ, ಹೊಲಿಗೆಯಂಥ ಕೈಕಸುಬಿನ ಕೆಲಸಗಳಿಗೆ, ಹತ್ತನೇ ತರಗತಿ ಪಾಸಾಗಿದ್ದರೆ ಸಾಕು, ಹೌಸ್ ಕೀಪರ್ ಮತ್ತು ಮೆಸ್ ಕೀಪರ್‌ಗೆ ಎಂಟನೇ ತರಗತಿ. ವಯಸ್ಸಿನ ಬಗ್ಗೆ ಗೆಳೆಯರ ಮಾತು ಕೇಳಬೇಡಿ. ಹದಿನೇಳೂವರೆ ತುಂಬಿರಬೇಕು ಎಂಬುದು ಕೆಳಗಿನ ಮಿತಿ. ಯಾವ ದಿನಾಂಕದಿಂದ ಯಾವ ದಿನಾಂಕದೊಳಗೆ ಹುಟ್ಟಿರಬೇಕು ಎಂಬುದನ್ನು ಆಯಾ ವರ್ಷದ ಅಧಿಸೂಚನೆಯಲ್ಲೇ ಅಚ್ಚು ಮಾಡಿರುತ್ತಾರೆ. 2022ರಲ್ಲಿ ಒಂದು ಸಲಕ್ಕೆ ಮಾತ್ರ 23ರವರೆಗೆ ಸಡಿಲಿಸಿದ್ದನ್ನು ನೆನಪಿಟ್ಟುಕೊಂಡು ಇವತ್ತಿಗೂ ಮೋಸಹೋಗುವವರಿದ್ದಾರೆ.

ಈಗ ಹೆಸರಿನ ವಿಷಯ. ನಮ್ಮ ಕಡೆಯ ಹುಡುಗರಿಗೆ ಇದರಷ್ಟು ದೊಡ್ಡ ತೊಡಕು ಬೇರೊಂದಿಲ್ಲ. ನಮ್ಮಲ್ಲಿ ಹೆಚ್ಚಿನವರಿಗೆ ಮನೆತನದ ಹೆಸರು ಇರುವುದಿಲ್ಲ, ಇನಿಷಿಯಲ್ ಇರುತ್ತದೆ. ಒಬ್ಬನೇ ಹುಡುಗ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಮಂಜುನಾಥ ಬಿ ಆರ್’, ಆಧಾರ್‌ನಲ್ಲಿ ‘ಮಂಜುನಾಥ್ ರಾಮಯ್ಯ’, ಪ್ಯಾನ್ ಕಾರ್ಡ್‌ನಲ್ಲಿ ‘ಬಿ ಆರ್ ಮಂಜುನಾಥ’ ಆಗಿರುತ್ತಾನೆ. ಕನ್ನಡದಲ್ಲಿ ಓದಿದರೆ ಮೂವರೂ ಒಬ್ಬನೇ. ಇಂಗ್ಲಿಷ್ ಕಾಗುಣಿತದಲ್ಲಿ ಒಂದು ಕಡೆ ಕೊನೆಗೆ ‘ಎ’ ಅಕ್ಷರ ಇರುತ್ತದೆ, ಇನ್ನೊಂದು ಕಡೆ ಇರುವುದಿಲ್ಲ. ಒಂದು ಕಡೆ ‘ಟಿ’ ಆದಮೇಲೆ ‘ಎಚ್’ ಇರುತ್ತದೆ, ಇನ್ನೊಂದು ಕಡೆ ಬಿಟ್ಟುಹೋಗಿರುತ್ತದೆ. ತಾಯಿಯ ಹೆಸರು ಲಕ್ಷ್ಮಮ್ಮನೋ ಲಕ್ಷ್ಮೀದೇವಮ್ಮನೋ ಎಂಬ ಗೊಂದಲ ಬೇರೆ. ಕಂಪ್ಯೂಟರಿಗೆ ಮಾತ್ರ ಇವರು ಮೂವರು ಬೇರೆ ಬೇರೆ ಮನುಷ್ಯರು.

ಇದಕ್ಕೆ ಮಾಡಬೇಕಾದ್ದು ಇಷ್ಟು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನೇ ಬುನಾದಿ ಮಾಡಿಕೊಳ್ಳಿ. ಅದರಲ್ಲಿರುವ ಅಕ್ಷರ, ಅಂತರ, ಇನಿಷಿಯಲ್‌ನ ಜಾಗ ಎಲ್ಲವೂ ಹಾಗೆಯೇ ಆಧಾರ್‌ಗೆ, ಪ್ಯಾನ್‌ಗೆ, ಬ್ಯಾಂಕ್ ಪಾಸ್‌ಬುಕ್‌ಗೆ ಬರಲಿ. ಆಧಾರ್‌ನಲ್ಲಿ ಹೆಸರನ್ನು ಜೀವಮಾನದಲ್ಲಿ ಎರಡು ಸಲ, ಹುಟ್ಟಿದ ದಿನಾಂಕವನ್ನು ಒಂದೇ ಸಲ ತಿದ್ದಬಹುದು. ಆದ್ದರಿಂದ ಸೇವಾ ಕೇಂದ್ರದವರು ಕೊಡುವ ಚೀಟಿಯಲ್ಲಿ ಒಂದೊಂದು ಅಕ್ಷರವನ್ನೂ ಬೆರಳಿಟ್ಟು ಓದಿ ನೋಡಿಯೇ ಒಪ್ಪಿಗೆ ಕೊಡಿ. ತಪ್ಪು ಅಂಕಪಟ್ಟಿಯಲ್ಲೇ ಇದ್ದರೆ ಓದಿದ ಶಾಲೆಯ ಮುಖ್ಯಶಿಕ್ಷಕರ ಮೂಲಕ ಮಲ್ಲೇಶ್ವರದ ಪರೀಕ್ಷಾ ಮಂಡಳಿಗೆ ಅರ್ಜಿ ಹೋಗಬೇಕು. ಅದಕ್ಕೆ ತಿಂಗಳುಗಳು ಹಿಡಿಯಬಹುದು, ವಾರದಲ್ಲಿ ಆಗುವ ಕೆಲಸವಲ್ಲ. ಇತ್ತೀಚಿನ ವರ್ಷಗಳಲ್ಲಿ ಆನ್‌ಲೈನ್ ನೋಂದಣಿ ಫೆಬ್ರವರಿ, ಮಾರ್ಚ್ ತಿಂಗಳಲ್ಲಿ ಶುರುವಾಗಿದೆ. ಅಂದರೆ ಹೆಸರಿನ ತಿದ್ದುಪಡಿ ಹಿಂದಿನ ದಸರಾ ಹೊತ್ತಿಗೇ ಕೈಗೆತ್ತಿಕೊಳ್ಳಬೇಕಾದ ಕೆಲಸ.

ನೋಂದಣಿ ನಡೆಯುವುದು ‘ಜಾಯಿನ್ ಇಂಡಿಯನ್ ಆರ್ಮಿ’ ಎಂಬ ಸೇನೆಯದೇ ಜಾಲತಾಣದಲ್ಲಿ. 2025ರಲ್ಲಿ ಒಂದು ಹುದ್ದೆಗೆ ಶುಲ್ಕ 250 ರೂಪಾಯಿ ಇತ್ತು, ಎರಡು ಹುದ್ದೆಗಳಿಗೆ ಅರ್ಜಿ ಹಾಕಲು ಅವಕಾಶವಿತ್ತು. ಸೈಬರ್ ಸೆಂಟರ್‌ನಲ್ಲಿ ಅರ್ಜಿ ತುಂಬಿಸುವುದು ತಪ್ಪಲ್ಲ. ಆದರೆ ಇಮೇಲ್ ಮತ್ತು ಮೊಬೈಲ್ ನಂಬರ್ ನಿಮ್ಮದೇ ಆಗಿರಲಿ. ಅಂಗಡಿಯವನ ಇಮೇಲ್ ಕೊಟ್ಟು, ನಾಲ್ಕು ತಿಂಗಳ ಮೇಲೆ ಪ್ರವೇಶಪತ್ರ ಬಂದದ್ದೇ ತಿಳಿಯದೆ ಪರೀಕ್ಷೆ ತಪ್ಪಿಸಿಕೊಳ್ಳುವುದು ಬಹಳ ಸಾಮಾನ್ಯ. ರೀಚಾರ್ಜ್ ಮಾಡಿಸದೆ ಸಿಮ್ ಸತ್ತುಹೋದರೂ ಅದೇ ಗತಿ.

ಬೆಂಗಳೂರಿನಲ್ಲಿ ಇದ್ದೇವೆಂದ ಮಾತ್ರಕ್ಕೆ ಬೆಂಗಳೂರಿನ ರ‍್ಯಾಲಿಗೆ ಹೋಗಲಾಗದು. ಲೆಕ್ಕಕ್ಕೆ ಬರುವುದು ಖಾಯಂ ವಾಸದ ಜಿಲ್ಲೆ. ಬೆಂಗಳೂರು ನಗರ, ಗ್ರಾಮಾಂತರ, ತುಮಕೂರು, ಕೋಲಾರ, ಮಂಡ್ಯ, ಮೈಸೂರು, ಹಾಸನದ ಕಡೆಯವರಿಗೆ ಬೆಂಗಳೂರಿನ ನೇಮಕಾತಿ ಕಚೇರಿ. ಕಲಬುರಗಿ, ಬೀದರ್, ರಾಯಚೂರಿನವರಿಗೆ ಬೆಳಗಾವಿ. ಉಡುಪಿ, ದಕ್ಷಿಣ ಕನ್ನಡ, ಶಿವಮೊಗ್ಗದವರಿಗೆ ಮಂಗಳೂರು. ಪೀಣ್ಯದಲ್ಲಿ ಕೆಲಸ ಮಾಡುವ ರಾಯಚೂರಿನ ಹುಡುಗ ಬಾಡಿಗೆ ಮನೆಯ ವಿಳಾಸಕ್ಕೆ ಆಧಾರ್ ಬದಲಿಸಿಕೊಂಡು, ಬೆಂಗಳೂರು ಎಂದು ಅರ್ಜಿ ಹಾಕಿ, ಆಮೇಲೆ ವಾಸಸ್ಥಳ ದೃಢೀಕರಣವನ್ನು ಊರಿನ ತಹಶೀಲ್ದಾರರಿಂದ ತಂದರೆ ಎರಡೂ ತಾಳೆಯಾಗುವುದಿಲ್ಲ. ಊರಿನ ಜಿಲ್ಲೆಯಿಂದಲೇ ಅರ್ಜಿ ಹಾಕಲಿ, ಲಿಖಿತ ಪರೀಕ್ಷೆಗೆ ಮಾತ್ರ ಬೆಂಗಳೂರಿನ ಕೇಂದ್ರ ಕೇಳಿಕೊಳ್ಳಲಿ.

2023ರಿಂದ ಮೊದಲು ಕಂಪ್ಯೂಟರಿನಲ್ಲಿ ಲಿಖಿತ ಪರೀಕ್ಷೆ, ಅದರಲ್ಲಿ ಆಯ್ಕೆಯಾದವರಿಗೆ ಮಾತ್ರ ಮೈದಾನ. ಜನರಲ್ ಡ್ಯೂಟಿಗೆ ಒಂದು ಗಂಟೆ, 50 ಪ್ರಶ್ನೆ, 100 ಅಂಕ. ತಪ್ಪು ಉತ್ತರಕ್ಕೆ ಅರ್ಧ ಅಂಕ ಹೋಗುತ್ತದೆ. ಸಾಮಾನ್ಯ ಜ್ಞಾನ, ವಿಜ್ಞಾನ, ಗಣಿತ, ಒಂದಿಷ್ಟು ತರ್ಕ, ಎಲ್ಲವೂ ಹತ್ತನೇ ತರಗತಿಯ ಪುಸ್ತಕದೊಳಗಿನದೇ. 2025ರಿಂದ ಈ ಪರೀಕ್ಷೆ ಕನ್ನಡದಲ್ಲೂ ಇದೆ. ಕನ್ನಡ ಮಾಧ್ಯಮದ ಹುಡುಗರಿಗೆ ಇದು ದೊಡ್ಡ ಅನುಕೂಲ. ಅರ್ಜಿಯಲ್ಲಿ ಭಾಷೆ ಆರಿಸುವಾಗ ಗೆಳೆಯರೆಲ್ಲ ಇಂಗ್ಲಿಷ್ ಎಂದರು ಎಂದು ಇಂಗ್ಲಿಷ್ ಒತ್ತಬೇಡಿ.

ಪರೀಕ್ಷೆ ಮುಗಿದು ರ‍್ಯಾಲಿಗೆ ಕರೆ ಬರುವ ಹೊತ್ತಿಗೆ ಪ್ರಮಾಣಪತ್ರಗಳ ಕಂತೆ ಬೇಕು. ಜಾತಿ ಮತ್ತು ವಾಸಸ್ಥಳ ಪತ್ರಗಳಿಗೆ ನಾಡಕಚೇರಿ. ಇವೆರಡರಲ್ಲೂ ಅಭ್ಯರ್ಥಿಯ ಫೋಟೊ ಇರಬೇಕೆಂದು ಸೇನೆ ಕೇಳುತ್ತದೆ. ಆನ್‌ಲೈನ್‌ನಿಂದ ತೆಗೆದ ಪತ್ರದಲ್ಲಿ ಫೋಟೊ ಇಲ್ಲದಿದ್ದರೆ ಅದಕ್ಕೆ ಫೋಟೊ ಅಂಟಿಸಿ ತಹಶೀಲ್ದಾರರ ಸಹಿ, ಮೊಹರು ಹಾಕಿಸಿಕೊಳ್ಳಬೇಕು. ಮೊಹರಿನ ಅರ್ಧ ಫೋಟೊ ಮೇಲೆ, ಅರ್ಧ ಕಾಗದದ ಮೇಲೆ ಬೀಳಲಿ. ಪೊಲೀಸ್ ನಡತೆ ಪತ್ರಕ್ಕೆ ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕಬಹುದು. ಕೊನೆಗೆ ಓದಿದ ಶಾಲೆ ಅಥವಾ ಕಾಲೇಜಿನ ನಡತೆ ಪತ್ರ ಬೇರೆ. ಅಧಿಸೂಚನೆಯಲ್ಲಿರುವ ನಮೂನೆಯಲ್ಲೇ ಛಾಪಾ ಕಾಗದದ ಮೇಲೆ ನೋಟರಿ ಮಾಡಿಸಿದ ಅಫಿಡವಿಟ್ ಕೂಡ ಬೇಕು. ಪದಗಳನ್ನು ನೋಟರಿಯ ಗುಮಾಸ್ತರು ತಮ್ಮಿಷ್ಟಕ್ಕೆ ಬದಲಿಸದಂತೆ ನೋಡಿಕೊಳ್ಳಿ.

ಇವುಗಳ ಜೊತೆಗೆ ಪಂಚಾಯಿತಿ ಅಥವಾ ಪಾಲಿಕೆಯಿಂದ ತರುವ ನಡತೆ ಪತ್ರ ಮತ್ತು ಮದುವೆಯಾಗಿಲ್ಲ ಎಂಬ ಅವಿವಾಹಿತ ಪತ್ರವೂ ಬೇಕು. ಈ ಎರಡು ಪತ್ರಗಳು ಆರು ತಿಂಗಳಿಗಿಂತ ಹಳೆಯವಾಗಿರಬಾರದು. ಇದನ್ನು ಬಲ್ಲವರು ಕಡಿಮೆ. ಶ್ರದ್ಧೆಯಿರುವ ಹುಡುಗ ನೋಂದಣಿ ಸಮಯದಲ್ಲೇ, ಮಾರ್ಚ್‌ನಲ್ಲಿ ಎಲ್ಲವನ್ನೂ ಮಾಡಿಸಿ ಬೀರುವಿನಲ್ಲಿಡುತ್ತಾನೆ. ರ‍್ಯಾಲಿ ಅಕ್ಟೋಬರ್ ದಾಟಿ ಬಂದರೆ ಅವು ಕೆಲಸಕ್ಕೆ ಬಾರದ ಕಾಗದ. ಹೆಸರಿನ ತಿದ್ದುಪಡಿ ಆದಷ್ಟು ಬೇಗ, ಈ ಎರಡು ಪತ್ರಗಳು ಮಾತ್ರ ಲಿಖಿತ ಪರೀಕ್ಷೆಯ ಫಲಿತಾಂಶ ಬಂದ ಮೇಲೆ. ಈ ಕ್ರಮ ತಪ್ಪಬಾರದು.

ಆ ಎರಡು ಪತ್ರಗಳಿಗೆ ಸಹಿ ಹಾಕುವವರು ಯಾರು? ಹಳ್ಳಿಯಲ್ಲಾದರೆ ಗ್ರಾಮ ಪಂಚಾಯಿತಿ ಇದೆ. ನಗರದಲ್ಲಿ ನಗರಪಾಲಿಕೆಯಿಂದ ತನ್ನಿ ಎನ್ನುತ್ತದೆ ಅಧಿಸೂಚನೆ. ಬೆಂಗಳೂರಿನಲ್ಲಿ ಪಾಲಿಕೆ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ಆಗಲಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂದು ಒಂದು ಪಾಲಿಕೆ ಐದಾಯಿತು. ಈ ನಡುವೆ ಶ್ರೀರಾಮಪುರದ ಹುಡುಗನೊಬ್ಬ ‘ನನಗೆ ಮದುವೆಯಾಗಿಲ್ಲ’ ಎಂದು ಬರೆಸಿಕೊಳ್ಳಲು ಯಾರ ಬಳಿ ಹೋಗಬೇಕು? ವಾರ್ಡ್ ಕಚೇರಿಯಲ್ಲಿ ಕೇಳಿದರೆ ವಲಯ ಕಚೇರಿಗೆ, ಅಲ್ಲಿ ಕೇಳಿದರೆ ತಹಶೀಲ್ದಾರರಲ್ಲಿಗೆ ಎಂಬ ಅಲೆದಾಟ. ಕೊನೆಗೆ ಮಾಜಿ ಸದಸ್ಯರ ಹಳೆಯ ಲೆಟರ್‌ಹೆಡ್ ತಂದವರಿದ್ದಾರೆ. ಅಧಿಕಾರದಲ್ಲಿ ಇಲ್ಲದವರ ಸಹಿಗೆ ಬೆಲೆ ಇರುವುದಿಲ್ಲ. ಐದೂ ಪಾಲಿಕೆಗಳ ಆಯುಕ್ತರು ಒಂದೇ ಒಂದು ಸುತ್ತೋಲೆ ಹೊರಡಿಸಿ, ಪ್ರತಿ ವಾರ್ಡಿಗೂ ಇಂಥ ಅಧಿಕಾರಿಯೇ ಈ ಪತ್ರಕ್ಕೆ ಸಹಿ ಹಾಕಬೇಕು, ಹೆಸರು ಮತ್ತು ಹುದ್ದೆ ಇರುವ ಮೊಹರು ಒತ್ತಬೇಕು ಎಂದು ಗೊತ್ತುಮಾಡಿದರೆ ಸಾಕು. ಹಣ ಬೇಡ, ಹೊಸ ಸಿಬ್ಬಂದಿ ಬೇಡ.

ಫೋಟೊ ಬಗ್ಗೆ ಒಂದು ಮಾತು. ಬಿಳಿ ಹಿನ್ನೆಲೆಯ, ಮೂರು ತಿಂಗಳೊಳಗೆ ತೆಗೆಸಿದ 20 ಪ್ರತಿ ಬೇಕು. ಸ್ಟುಡಿಯೊದವರು ಮುಖ ಬೆಳ್ಳಗೆ ಮಾಡಿ, ಕೋಟು ತೊಡಿಸಿ ಕೊಟ್ಟ ಫೋಟೊ ನಡೆಯದು.

ಇನ್ನು ಮೈದಾನ. ರ‍್ಯಾಲಿಯಲ್ಲಿ ವರದಿ ಮಾಡಿಕೊಳ್ಳುವ ಹೊತ್ತು ಸಾಮಾನ್ಯವಾಗಿ ನಡುರಾತ್ರಿಯ ಮೇಲೆ. ಪ್ರವೇಶಪತ್ರ ಸ್ಕ್ಯಾನ್, ಬೆರಳಚ್ಚು, ಎತ್ತರ, ಆಮೇಲೆ ಓಟ. ಕರ್ನಾಟಕದವರಿಗೆ ಜನರಲ್ ಡ್ಯೂಟಿಗೆ 166 ಸೆಂ.ಮೀ., ಕ್ಲರ್ಕ್‌ಗೆ 162. ಎದೆ 77, ಉಸಿರೆಳೆದಾಗ ಇನ್ನೂ 5 ಸೆಂ.ಮೀ. ಉಬ್ಬಬೇಕು. ಸೈನಿಕರ ಮತ್ತು ಮಾಜಿ ಸೈನಿಕರ ಮಕ್ಕಳಿಗೆ ಎತ್ತರದಲ್ಲಿ 2 ಸೆಂ.ಮೀ. ರಿಯಾಯಿತಿ ಇದೆ, ಅದಕ್ಕೆ ಸಂಬಂಧ ಪತ್ರ ಜೊತೆಗಿರಬೇಕು.

ಓಟ 1.6 ಕಿ.ಮೀ. 400 ಮೀಟರ್ ಟ್ರ್ಯಾಕಿನಲ್ಲಿ ನಾಲ್ಕು ಸುತ್ತು. 2025ರ ನಿಯಮದಂತೆ ಐದೂವರೆ ನಿಮಿಷದೊಳಗೆ ಮುಗಿಸಿದರೆ 60 ಅಂಕ, 5.45ರೊಳಗೆ 48, 6 ನಿಮಿಷದೊಳಗೆ 36, 6.15ರೊಳಗೆ 24, ಅದರ ಮೇಲೆ ಮನೆ. ಐದೂವರೆ ಎಂದರೆ ಒಂದು ಸುತ್ತಿಗೆ 82 ಸೆಕೆಂಡ್ ಚಿಲ್ಲರೆ. ಹುಡುಗರು ಮಾಡುವ ತಪ್ಪು ಮೊದಲ ಸುತ್ತಿನಲ್ಲೇ ಇರುತ್ತದೆ. ಗುಂಪಿನ ಜೊತೆ ನುಗ್ಗಿ 70 ಸೆಕೆಂಡಿನಲ್ಲಿ ಮುಗಿಸುತ್ತಾರೆ, ಮೂರನೇ ಸುತ್ತಿಗೆ ತೊಡೆ ಕಲ್ಲಾಗುತ್ತದೆ, ಕೊನೆಗೆ ಐದೂವರೆಯ ಮೇಲೆ ಒಂದು ಸೆಕೆಂಡಾಗಿ 12 ಅಂಕ ಕಳೆದುಕೊಳ್ಳುತ್ತಾರೆ. ನಾಲ್ಕೂ ಸುತ್ತು 80, 82ರಲ್ಲಿ ಓಡುವುದನ್ನು ವಾಚು ಹಿಡಿದು ಕಲಿಯಬೇಕು. ಇನ್ನೊಂದು, ನಮ್ಮ ನಗರದ ಹುಡುಗರು ಡಾಂಬರು ರಸ್ತೆಯಲ್ಲೇ ಓಡಿ ಅಭ್ಯಾಸ ಮಾಡುತ್ತಾರೆ. ದಿನವೂ ಗಟ್ಟಿ ನೆಲದ ಮೇಲೆ ಓಡಿದರೆ ಮೊಣಕಾಲ ಕೆಳಗಿನ ಮುಂಗಾಲ ಮೂಳೆ ನೋಯಲು ಶುರುವಾಗುತ್ತದೆ. ರ‍್ಯಾಲಿಗೆ ಇಪ್ಪತ್ತು ದಿನ ಇರುವಾಗ ಬರುವ ಆ ನೋವು ಬೇಗ ಹೋಗುವುದಿಲ್ಲ. ವಾರಕ್ಕೆ ನಾಲ್ಕು ದಿನವಾದರೂ ಮಣ್ಣಿನ ಮೇಲೆ ಓಡಿ, ಎರಡು ದಿನ ಕಾಲಿಗೆ ಬಿಡುವು ಕೊಡಿ.

ಬೀಮ್ ಹತ್ತು ಎಳೆದರೆ 40 ಅಂಕ, ಒಂಬತ್ತಕ್ಕೆ 33, ಎಂಟಕ್ಕೆ 27, ಏಳಕ್ಕೆ 21, ಆರಕ್ಕೆ 16. ಕೈ ಪೂರ್ತಿ ನೀಡಿ ಜೋತುಬಿದ್ದು, ಗಲ್ಲ ಸರಳಿನ ಮೇಲೆ ಬಂದರೆ ಒಂದು. ಕಾಲು ಝಾಡಿಸಿ, ಮೈ ತೂಗಿ ಎಳೆದದ್ದು ಲೆಕ್ಕಕ್ಕಿಲ್ಲ. ಜಿಮ್ಮಿನಲ್ಲಿ ಅರ್ಧ ಕೈ ಮಡಚಿಯೇ ಹದಿನೈದು ಎಣಿಸಿಕೊಂಡವರು ಇಲ್ಲಿ ಆರಕ್ಕೆ ಕೆಳಗಿಳಿಯುತ್ತಾರೆ. ಓಟದ ಸುಸ್ತಿನಲ್ಲೇ ಬೀಮ್ ಹಿಡಿಯಬೇಕಾದ್ದರಿಂದ ಅಭ್ಯಾಸವೂ ಹಾಗೆಯೇ ಇರಲಿ, ಓಡಿ ಬಂದು ಹತ್ತು ನಿಮಿಷದಲ್ಲಿ ಸರಳು ಹಿಡಿಯಿರಿ. ಒಂಬತ್ತು ಅಡಿ ಹಳ್ಳ ಹಾರುವುದು, ಜಿಗ್‌ಜಾಗ್ ಹಲಗೆಯ ಮೇಲೆ ನಡೆಯುವುದು ಇವೆರಡಕ್ಕೆ ಅಂಕವಿಲ್ಲ, ಪಾಸಾದರೆ ಸಾಕು. ಆಮೇಲೆ ಸೇನಾ ಜೀವನಕ್ಕೆ ಒಗ್ಗುತ್ತಾನೆಯೇ ಎಂದು ನೋಡುವ ಹೊಂದಾಣಿಕೆಯ ಪರೀಕ್ಷೆ ಎಂಬುದೊಂದಿದೆ, ಅದಕ್ಕೆ ಚಾರ್ಜ್ ಇರುವ ಸ್ಮಾರ್ಟ್‌ಫೋನ್, 2 ಜಿಬಿ ಡೇಟಾ ಇಟ್ಟುಕೊಂಡೇ ಹೋಗಬೇಕು.

ಮೆಡಿಕಲ್‌ನಲ್ಲಿ ಹೊರಬೀಳುವ ಕಾರಣಗಳಲ್ಲಿ ಹಲವನ್ನು ಮನೆಯಲ್ಲೇ ನೋಡಿಕೊಳ್ಳಬಹುದು. ಪಾದ ಜೋಡಿಸಲು ನೋಡಿ ನೇರ ನಿಂತಾಗ ಮಂಡಿಗಳು ಒಂದಕ್ಕೊಂದು ಒತ್ತಿ ಪಾದಗಳು ಸೇರದಿದ್ದರೆ ಅದು ಗಂಟುಮಂಡಿ. ಒದ್ದೆ ಕಾಲಲ್ಲಿ ಸಿಮೆಂಟ್ ನೆಲ ತುಳಿದಾಗ ಇಡೀ ಅಂಗಾಲಿನ ಗುರುತು ಮೂಡಿದರೆ ಚಪ್ಪಟೆ ಪಾದ. ಉಬ್ಬಿದ ರಕ್ತನಾಳ, ಹೈಡ್ರೋಸಿಲ್, ಹುಳುಕು ಹಲ್ಲು, ಬಣ್ಣ ಗುರುತಿಸಲಾಗದ ಕಣ್ಣು ಇವನ್ನೆಲ್ಲ ಸರ್ಕಾರಿ ಆಸ್ಪತ್ರೆಯಲ್ಲಿ ಮೊದಲೇ ತೋರಿಸಿಕೊಳ್ಳಿ. ಹೈಡ್ರೋಸಿಲ್‌ನಂಥದ್ದಕ್ಕೆ ಆಪರೇಷನ್ ಮಾಡಿಸಿ ಗುಣವಾಗಲು ಆಗ ಸಮಯ ಇರುತ್ತದೆ. ಕಿವಿಯ ಗುಗ್ಗೆಯನ್ನು ವೈದ್ಯರಿಂದಲೇ ತೆಗೆಸಿ, ಕಡ್ಡಿ ಹಾಕಬೇಡಿ. ಹಚ್ಚೆಗೆ ಅವಕಾಶ ಮೊಣಕೈಯಿಂದ ಮಣಿಕಟ್ಟಿನವರೆಗೆ ಒಳಭಾಗದಲ್ಲಿ ಮತ್ತು ಅಂಗೈಯ ಹಿಂಬದಿಯಲ್ಲಿ ಮಾತ್ರ. ಬುಡಕಟ್ಟಿನ ಸಂಪ್ರದಾಯದವರಿಗೆ ವಿನಾಯಿತಿ ಇದೆ. ತೋಳಿನ ಮೇಲೆ ಹುಲಿ ಬರೆಸಿಕೊಂಡವನನ್ನು ಅವನ ಓಟ ಕಾಪಾಡುವುದಿಲ್ಲ. ಒಮ್ಮೆ ಅನ್‌ಫಿಟ್ ಎಂದರೂ ಅದೇ ಕೊನೆಯಲ್ಲ. ಸೂಚಿಸಿದ ಸೇನಾ ಆಸ್ಪತ್ರೆಗೆ ಐದು ದಿನದೊಳಗೆ ಹೋಗಿ ಮರುಪರೀಕ್ಷೆ ಕೇಳಬಹುದು. ಬೇಸರದಲ್ಲಿ ಊರಿಗೆ ಹೊರಟುಹೋಗಿ ಆ ಐದು ದಿನ ಕಳೆದುಕೊಳ್ಳಬೇಡಿ.

ಹೆಣ್ಣುಮಕ್ಕಳಿಗೆ ಮಿಲಿಟರಿ ಪೊಲೀಸ್ ವಿಭಾಗದಲ್ಲಿ ದಾರಿ ಇದೆ. ಅದರ ತರಬೇತಿ ಕೇಂದ್ರ ನಮ್ಮ ಬೆಂಗಳೂರಿನಲ್ಲೇ ಇದೆ, 83 ಮಹಿಳೆಯರ ಮೊದಲ ತಂಡ 2021ರ ಮೇ ತಿಂಗಳಲ್ಲಿ ಇಲ್ಲಿಂದಲೇ ಹೊರಬಂತು. ಎತ್ತರ 162 ಸೆಂ.ಮೀ., 1.6 ಕಿ.ಮೀ. ಓಟ ಏಳೂವರೆ ನಿಮಿಷದೊಳಗಾದರೆ ಮೊದಲ ಗುಂಪು, ಎಂಟರೊಳಗಾದರೆ ಎರಡನೆಯದು. ಹತ್ತು ಅಡಿ ಉದ್ದ ಜಿಗಿತ, ಮೂರು ಅಡಿ ಎತ್ತರ ಜಿಗಿತ. ಬೆಂಗಳೂರಿನ ಕಾಲೇಜುಗಳಲ್ಲಿ ಈ ವಿಷಯ ಹೇಳುವವರೇ ಇಲ್ಲದಿರುವುದು ಬೇಸರದ ಸಂಗತಿ.

ಮನೆಯವರು ಷರತ್ತುಗಳನ್ನೂ ತಿಳಿದೇ ಕಳಿಸಲಿ. ಸೇವೆ ನಾಲ್ಕು ವರ್ಷ. ಆ ನಾಲ್ಕು ವರ್ಷ ಮದುವೆ ಆಗುವಂತಿಲ್ಲ, ರಜೆ ವರ್ಷಕ್ಕೆ 30 ದಿನ. ಮೊದಲ ವರ್ಷ ತಿಂಗಳಿಗೆ 30,000 ಎಂದಿದ್ದರೂ ಕೈಗೆ ಬರುವುದು 21,000, ಉಳಿದ 9,000 ಸೇವೆ ಮುಗಿದಾಗ ಸಿಗುವ ಸೇವಾನಿಧಿಗೆ. ನಾಲ್ಕನೇ ವರ್ಷ 40,000ದಲ್ಲಿ ಕೈಗೆ 28,000. ಹೀಗೆ ಸೇರಿದ 5.02 ಲಕ್ಷಕ್ಕೆ ಸರ್ಕಾರ ಅಷ್ಟೇ ಸೇರಿಸಿ 10.04 ಲಕ್ಷ ಮತ್ತು ಬಡ್ಡಿಯನ್ನು ತೆರಿಗೆ ಇಲ್ಲದೆ ಕೊಡುತ್ತದೆ. ಪಿಂಚಣಿ, ಗ್ರಾಚ್ಯುಟಿ ಇಲ್ಲ. ಖಾಯಂ ಆಗುವವರು ತಂಡದಲ್ಲಿ ಹೆಚ್ಚೆಂದರೆ ಶೇ 25. ಇದನ್ನು ಮುಚ್ಚಿಟ್ಟು ಹುಡುಗರನ್ನು ಹುರಿದುಂಬಿಸುವ ಅಕಾಡೆಮಿಗಳ ಬಗ್ಗೆ ನಮಗೆ ತೀವ್ರ ಅಸಮಾಧಾನವಿದೆ. ಸೇರಿಸಿಕೊಡುತ್ತೇನೆ ಎಂದು ಹಣ ಕೇಳುವವನು, ಅಸಲಿ ಅಂಕಪಟ್ಟಿ ನನ್ನ ಬಳಿ ಇರಲಿ ಎನ್ನುವವನು, ಓಟಕ್ಕೆ ಮುನ್ನ ಇಂಜೆಕ್ಷನ್ ಕೊಡುವವನು, ಈ ಮೂವರಲ್ಲಿ ಯಾರ ಬಾಗಿಲಿಗೂ ಮಕ್ಕಳನ್ನು ಕಳಿಸಬೇಡಿ. ಅರ್ಜಿ ಶುಲ್ಕ ಬಿಟ್ಟರೆ ಸೇನೆಗೆ ಸೇರಲು ಯಾರಿಗೂ ಒಂದು ರೂಪಾಯಿ ಕೊಡಬೇಕಾಗಿಲ್ಲ. ಅನುಮಾನವಿದ್ದರೆ ಫೀಲ್ಡ್ ಮಾರ್ಷಲ್ ಕಾರ್ಯಪ್ಪ ರಸ್ತೆಯಲ್ಲಿರುವ ನೇಮಕಾತಿ ವಲಯ ಕಚೇರಿಗೆ ನೇರ ಹೋಗಿ ಕೇಳಿ.

ಪಿಯು ಕಾಲೇಜುಗಳ ಪ್ರಾಂಶುಪಾಲರಲ್ಲಿ ನಮ್ಮ ಕೋರಿಕೆ ಚಿಕ್ಕದು. ದಸರಾ ರಜೆ ಮುಗಿದ ವಾರ ಒಂದು ತರಗತಿಯ ಅವಧಿ ಬಿಟ್ಟುಕೊಡಿ. ಸೇನೆ ಸೇರುವ ಆಸೆಯಿರುವವರು ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್, ಪ್ಯಾನ್ ತಂದು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟುಕೊಳ್ಳಲಿ. ಪಕ್ಕದವನ ಕಾಗದವನ್ನು ಇವನು, ಇವನ ಕಾಗದವನ್ನು ಪಕ್ಕದವನು ಅಕ್ಷರ ಅಕ್ಷರ ಓದಿ ತಾಳೆ ನೋಡಲಿ. ತನ್ನ ಹೆಸರಿನ ತಪ್ಪು ತನಗೆ ಕಾಣುವುದಿಲ್ಲ, ಪಕ್ಕದವನಿಗೆ ಕಾಣುತ್ತದೆ. ತಪ್ಪು ಸಿಕ್ಕವರ ಪಟ್ಟಿ ಅಂದೇ ಸಿದ್ಧವಾದರೆ ತಿದ್ದುಪಡಿಗೆ ಮುಂದಿನ ನೋಂದಣಿಯವರೆಗೆ ನಾಲ್ಕು ತಿಂಗಳು ಸಿಗುತ್ತದೆ.

ಇತಿ ತಮ್ಮ ವಿಶ್ವಾಸಿಗಳು,
ಕೆಲವು ಮಾಜಿ ಸೈನಿಕರು
ಹಲಸೂರು, ಬೆಂಗಳೂರು